ಸುದ್ದಿ ತಂದವನು

ಗಂಗಾಧರಸ್ವಾಮಿ ಬಂದು ನಮ್ಮ ಬೀದಿ ಶುರುವಾಗುವಲ್ಲಿರುವ ಹೊಂಗೆ ಮರದ ಕೆಳಗೆ ನಿಂತಾಗಲೇ ಯಾರೋ ಸತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಮೇಲಿನ ಬೀದಿಯವರು ನಮ್ಮ ಕಡೆ ಬರುವುದು ಎರಡಕ್ಕೇ, ಓಟಿಗೆ ಇಲ್ಲವೇ ಸಾವಿಗೆ. ಓಟು ಮುಗಿದಿತ್ತು.

"ಮಲ್ಲಾಜೀ, ಮೂಗನ ಮಗ ಬಂದವ್ನಂತಲ್ಲ, ಅವ್ನಾ ಮನೇಲಿ?" ಅಂತ ಮರದಡಿಯಿಂದಲೇ ನಮ್ಮವ್ವನನ್ನು ಕೂಗಿ ಕೇಳಿದರು.

ನನಗೆ ನಿಂಗರಾಜು ಅಂತ ಒಂದು ಹೆಸರಿದೆ. ಚಾಮರಾಜನಗರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನ ಕುರ್ಚಿಯಲ್ಲಿ ಕೂತರೆ ಸಾಹೇಬರೂ ಅದೇ ಹೆಸರು ಹಿಡಿದು ಕರೆಯುತ್ತಾರೆ. ಹರದನಹಳ್ಳಿ ದಾಟಿ ನಮ್ಮೂರಿನ ದಾರಿ ಹಿಡಿದರೆ ಮಾತ್ರ ಮೂಗಯ್ಯನ ಮಗ, ಅದೂ ಸವೆದು ಮೂಗನ ಮಗ. ಅವ್ವನಿಗೆ ಮೈ ಸರಿಯಿಲ್ಲ ಅಂತ ಆ ಶುಕ್ರವಾರ ರಜೆ ಹಾಕಿ ಬಂದಿದ್ದೆ. ಎದ್ದು ಹೊರಗೆ ಹೋದೆ.

"ನಮ್ಮತ್ತಿಗೆ ಬೆಳಿಗ್ಗೆ ಶಿವಾಧೀನ ಆಗೋದ್ಳು" ಅಂದರು ಗಂಗಾಧರಸ್ವಾಮಿ. "ಪುಟ್ಟರಾಜು ಗುಂಡ್ಲುಪೇಟೆ ಮಂಡೀಲವ್ನ. ಫೋನು ಸಿಕ್ತಾನೇ ಇಲ್ಲ. ನಾಳೆ ಶನಿವಾರ, ಇವತ್ತೇ ಒತ್ತು ಮುಳುಗೋದ್ರೊಳಗ ಮಣ್ಣು ಮಾಡ್ಬೇಕು. ನಿನ್ತಾವ ಗಾಡಿ ಅದಲ್ಲ, ಓಗಿ ಸುದ್ದಿ ಮುಟ್ಟಿಸಿ ಕರ್ಕೊಂಡ್ ಬಾ."

ಶನಿವಾರದ ಹೆಣ ಒಂಟಿಯಾಗಿ ಹೋಗುವುದಿಲ್ಲ, ಮನೆಯಲ್ಲಿ ಇನ್ನೊಬ್ಬರನ್ನು ಜೊತೆಗೆ ಕರೆಯುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಆ ವಿಷಯದಲ್ಲಿ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಭೇದವಿಲ್ಲ. ನನಗೆ ಅದೆಲ್ಲ ತಲೆಗೆ ಹೋಗಲಿಲ್ಲ. ಪುಟ್ಟಬಸಮ್ಮ ಹೋದಳು ಅನ್ನುವುದಷ್ಟೇ ಎದೆಗೆ ಗುದ್ದಿತ್ತು. ಪುಟ್ಟರಾಜುವಿನ ಅವ್ವ. ಪುಟ್ಟರಾಜು ನನ್ನ ಗೆಳೆಯ. ಕೇಳದೇ ಇದ್ದರೂ ನಾನೇ ಗಾಡಿ ಹತ್ತುತ್ತಿದ್ದೆ.

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು! ತಿರುಗಿ ಹೊರಟವರು ನಿಂತು, "ನಿಮ್ಮಪ್ಪ ಇದ್ದಿದ್ರ ನಿನ್ಗ ಹೇಳ್ತಿರ್ಲಿಲ್ಲ ಕಣ" ಅಂದರು.

ಈ ಮಾತಿಗೆ ನನಗೆ ಮೈಯೆಲ್ಲ ಉರಿದದ್ದು ಯಾಕೆ ಅಂತ ಹೇಳಬೇಕು. ನಮ್ಮಪ್ಪ ಮೂಗಯ್ಯ ಊರ ಸಾವು ಹೊರುತ್ತಿದ್ದ. ಹೆಣ ಹೊರುವುದಲ್ಲ, ಸುದ್ದಿ ಹೊರುವುದು. ಮೇಲಿನ ಬೀದಿಯಲ್ಲಿ ಯಾರು ಸತ್ತರೂ ಕುದೇರು, ತೆರಕಣಾಂಬಿ, ಎಲ್ಲೆಲ್ಲಿ ಅವರ ನೆಂಟರಿದ್ದಾರೋ ಅಲ್ಲಿಗೆಲ್ಲ ನಡೆದು ಹೋಗಿ ಹೇಳಿ ಬರಬೇಕು. ಅದಕ್ಕೆ ಅಪ್ಪನ ಕಟ್ಟಳೆಗಳಿದ್ದವು. ಸುದ್ದಿ ಹೊತ್ತವನು ಹೊಸ್ತಿಲು ದಾಟಬಾರದು. ಸುದ್ದಿ ಇಳಿಸುವ ತನಕ ದಾರಿಯಲ್ಲಿ ಯಾರು ಕೊಟ್ಟರೂ ಏನೂ ಕುಡಿಯಬಾರದು, ನಾಲಿಗೆ ಒಣಗಿ ಬಿದ್ದರೂ ಸರಿ. ಹೇಳಿಯಾದ ಮೇಲೆ ಅವರು ಹಾಕುವ ರಾಗಿಯನ್ನು ಟವೆಲಿಗೆ ಈಸಿಕೊಂಡು ಹಿಂತಿರುಗಿ ನೋಡದೆ ಹೊರಡಬೇಕು. ಆ ರಾಗಿಗೆ ಪಡಿ ಅಂತಿದ್ದರು. ಅಪ್ಪ ಸತ್ತಾಗ ನಾನು ಅವನ ಆ ಟವೆಲನ್ನು ಅವನ ಜೊತೆಗೇ ಮಣ್ಣಿಗೆ ಹಾಕಿದೆ. ಇನ್ನು ಈ ಮನೆಯಿಂದ ಯಾರ ಸಾವೂ ಹೊರಡುವುದಿಲ್ಲ ಅಂತ ನಮ್ಮವ್ವನೆದುರು ಆಣೆ ಮಾಡಿದ್ದೆ.

ಈಗ ನೋಡಿದರೆ ಅದೇ ಸಾವು, ಅದೂ ಪುಟ್ಟಬಸಮ್ಮನದು, ಬೀದಿಯ ತುದಿಗೆ ಬಂದು ಕರೆಯುತ್ತಿತ್ತು.

"ನಾ ಓಗಲ್ಲ" ಅಂತ ಒಳಗೆ ಬಂದು ಅವ್ವನಿಗೆ ಹೇಳಿದೆ. "ಅವ್ರ ಮನೇಲಿ ಗಂಡಸ್ರಿಲ್ವಾ? ಗಾಡಿ ಇಲ್ವಾ?"

ಅವ್ವ ಕಂಬಳಿ ಸರಿಸಿ ಎದ್ದು ಕೂತಳು. "ಗಂಗಾಧರಪ್ಪನಿಗೋಸ್ಕರ ಓಗ್ಬ್ಯಾಡ. ಆ ಉಡ್ಗ ಅವ್ವನ ಮೊಕ ನೋಡ್ದೇ ಇದ್ರ ಸಾಯೋಗಂಟ ಕೊರಗ್ತನ ಕಣ್ ಮಗ. ಓಗು."

ಹೋದೆ.

ದಾರಿಯುದ್ದಕ್ಕೂ ಪುಟ್ಟಬಸಮ್ಮನೇ ಕಣ್ಣ ಮುಂದೆ. ಎಸ್ಸೆಸ್ಸೆಲ್ಸಿಗೆ ಓದುವಾಗ ನಾನೂ ಪುಟ್ಟರಾಜುವೂ ಅವರ ಜಗಲಿಯಲ್ಲಿ ಒಂದೇ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದೆವು. ಆಕೆ ಇಬ್ಬರಿಗೂ ಹುರಿಗಾಳು ತಂದು ಸುರಿಯುತ್ತಿದ್ದಳು, ಅವನಿಗೆ ತಟ್ಟೆಗೆ, ನನಗೆ ಮುತ್ತುಗದ ಎಲೆಗೆ. "ತಿನ್ಲಾ ಮಗ, ಎಷ್ಟು ಸಣ್ಣಗಾಗಿದ್ದೀಯೆ" ಅನ್ನುತ್ತಿದ್ದಳು. ಅದೇ ಉಸಿರಿನಲ್ಲಿ "ಎಲೆ ನೀನೇ ಎತ್ತಾಕ್ಬುಡು" ಅಂತಲೂ ಅನ್ನುತ್ತಿದ್ದಳು. ಪ್ರೀತಿಯೂ ಸುಳ್ಳಲ್ಲ, ಎಲೆಯೂ ಸುಳ್ಳಲ್ಲ. ನಾನು ಪಾಸಾದ ದಿನ ಬೀದಿಯಲ್ಲೇ ನನ್ನ ಕೈಗೆ ಬೆಲ್ಲದಚ್ಚು ಕೊಟ್ಟು ಅತ್ತವಳು ಆಕೆ ಒಬ್ಬಳೇ.

ಅದಕ್ಕೂ ಹಿಂದೆ, ಚಿಕ್ಕವರಿದ್ದಾಗ, ಒಂದು ಮಧ್ಯಾಹ್ನ ನಾವಿಬ್ಬರೂ ಆ ಜಗಲಿಯ ಕೆಳಗೆ ಬುಗುರಿ ಆಡುತ್ತಿದ್ದಾಗ ನಮ್ಮಪ್ಪ ಬಿಸಿಲಲ್ಲಿ ನಡೆದು ಬಂದು ಅಂಗಳದಲ್ಲಿ ನಿಂತ. ಬೇರೆ ಊರಿಗೆ ಹೋಗಿದ್ದವನು ಬರುವಾಗ ಪುಟ್ಟಬಸಮ್ಮನ ತವರಿನ ಸಾವಿನ ಸುದ್ದಿ ತಂದಿದ್ದ. ಬೆವರು ಕಂಡು ಆಕೆ ಚೊಂಬಿನಲ್ಲಿ ನೀರು ತಂದು, ಎತ್ತರದಿಂದ ಅವನ ಬೊಗಸೆಗೆ ಹುಯ್ಯಲು ಬಗ್ಗಿದಳು. ಅಪ್ಪ ಬೊಗಸೆ ಒಡ್ಡಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಆಕೆಯ ಕೈಯಿಂದ ಚೊಂಬು ಬಿತ್ತು, "ಅಯ್ಯೋ ನಮ್ಮಪ್ಪಾ" ಅಂತ ಕಿರುಚಿ ಕೂತುಬಿಟ್ಟಳು. ಪುಟ್ಟರಾಜು ನನ್ನ ಕೈ ಹಿಡಿದುಕೊಂಡು ನಿಂತಿದ್ದ. ಅವನ ಕೈ ತಣ್ಣಗಿತ್ತು.

ನಾನು ಹಾಗೆ ಹೇಳುವುದಿಲ್ಲ ಅಂತ ಚಾಮರಾಜನಗರ ದಾಟುವಷ್ಟರಲ್ಲಿ ತೀರ್ಮಾನ ಮಾಡಿಕೊಂಡಿದ್ದೆ. ನಾನು ಗೆಳೆಯ. ಗೆಳೆಯ ಹೇಗೆ ಹೇಳುತ್ತಾನೋ ಹಾಗೆ ಹೇಳುತ್ತೇನೆ. ಸೀದಾ ಒಳಗೆ ಹೋಗಿ ಪಕ್ಕದಲ್ಲಿ ಕೂರುತ್ತೇನೆ, ಕೈ ಹಿಡಿದುಕೊಳ್ಳುತ್ತೇನೆ. 'ಅವ್ರ ಋಣ ಅಷ್ಟೇ ಇತ್ತು, ಏನ್ಮಾಡಕಾಯ್ತದೆ' ಅಂತ ಎಲ್ಲರೂ ಎಲ್ಲ ಸಾವಿಗೂ ಹೇಳುವ ತಂಗಳು ಮಾತು ಬೇಡ. 'ಅವ್ವ ನಂಗೂ ಅವ್ವನೇ ಆಗಿದ್ಳು ಕಣ್ಲಾ' ಅನ್ನುತ್ತೇನೆ. ಅದು ನಿಜವಾದ್ದರಿಂದ ಹೇಳುವುದು ಕಷ್ಟವಿಲ್ಲ ಅಂದುಕೊಂಡೆ. ಎಂಥ ಪೆದ್ದ ನಾನು!

ಗುಂಡ್ಲುಪೇಟೆಯ ಮಂಡಿಯ ಮುಂದೆ ಕೇರಳದ ಲಾರಿ ನಿಂತಿತ್ತು. ಟೊಮೆಟೊ ಕ್ರೇಟು ಏರಿಸುವವರು ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಪುಟ್ಟರಾಜು ಒಳಗೆ ತಕ್ಕಡಿಯ ಪಕ್ಕ ಕೂತಿದ್ದ. ನನ್ನನ್ನು ಕಂಡವನೇ ಮುಖ ಅರಳಿಸಿ ಕೂಗಿದ.

"ಏನ್ಲಾ ನಿಂಗ! ಸರ್ಕಾರಿ ನೌಕರ್ರು ಇತ್ಲಾಗ ಬಂದ್ಬುಟ್ರು! ಬಾಲಾ ಒಳಕ್ಕ, ಅದ್ಯಾಕ ಬಾಗ್ಲಲ್ಲೇ ನಿಂತ್ಕಂಡೆ?"

ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋಗಬೇಕು ಅಂತಲೇ ಗಾಡಿ ಇಳಿದವನು. ಆದರೆ ಕಾಲು ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟಿತ್ತು, ಕಟ್ಟಿಹಾಕಿದ ಎತ್ತಿನ ಹಾಗೆ. ಪುಟ್ಟರಾಜು ಪಕ್ಕದ ಅಂಗಡಿಗೆ ಟೀ ಹೇಳಿದ. ಬಂದ ಗ್ಲಾಸನ್ನು ತಾನೇ ಎತ್ತಿಕೊಂಡು ನಗುತ್ತ ನನ್ನ ಹತ್ತಿರ ಬಂದು, "ಇಡ್ಕೊಲಾ, ಬಿಸಿ ಅದೆ" ಅಂತ ಕೊಟ್ಟ.

ನನ್ನ ಕೈ ಗ್ಲಾಸನ್ನು ಪಕ್ಕಕ್ಕೆ ಸರಿಸಿತು.

ನಾನು ಸರಿಸಲಿಲ್ಲ, ಕೈ ಸರಿಸಿತು. ನಮ್ಮಪ್ಪನ ಕೈ. ಟವೆಲು ಹೂತುಹಾಕಿದವನಿಗೆ ಕೈ ಹೂತುಹಾಕುವುದು ಗೊತ್ತಾಗಿರಲಿಲ್ಲ.

ಪುಟ್ಟರಾಜು ಗ್ಲಾಸು ನೋಡಿದ. ನಾನು ನಿಂತ ಹೊಸ್ತಿಲು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಟೀ ಅವನ ಬೆರಳ ಮೇಲೆ ತುಳುಕುತ್ತಿತ್ತು, ಅವನಿಗೆ ಗೊತ್ತೇ ಆಗಲಿಲ್ಲ.

"ಅವ್ವನಾ?" ಅಂದ.

ನಾನು ತಲೆ ಆಡಿಸಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತಿನಲ್ಲಿ ಒಂದಕ್ಷರ ಹೊರಗೆ ಬರಲಿಲ್ಲ.

ಬರುವಾಗ ಅವನು ನನ್ನ ಹಿಂದೆ ಕೂತು ಭುಜದ ಮೇಲೆ ಕೈ ಇಟ್ಟಿದ್ದ. ನಾನು ಗಾಡಿಯ ಕಿವಿ ಹಿಂಡಿದೆ. ಹೊತ್ತು ಆಗಲೇ ಪಡುವಣಕ್ಕೆ ವಾಲಿತ್ತು. "ಇನ್ನೂ ಬಿಸಿಲದಲ್ಲ, ಸಿಕ್ತಳೆ ಅಲ್ವಾ?" ಅಂತ ಅವನು ಒಂದೇ ಸಮ ಕೇಳುತ್ತಿದ್ದ. "ಸಿಕ್ತಳೆ ಬುಡು" ಅನ್ನುತ್ತಿದ್ದೆ. ಆಗ ಅವನಿಗಾಗಿ ನಾನು ಗಾಡಿಯನ್ನಲ್ಲ, ಪ್ರಾಣವನ್ನೇ ಓಡಿಸುತ್ತಿದ್ದೆ ಅಂದರೂ ಸುಳ್ಳಲ್ಲ.

ತೆರಕಣಾಂಬಿ ದಾಟಿದ ಮೇಲೆ ರಸ್ತೆಗೆ ಅಡ್ಡ ಬೊಂಬು. ಕಾಡುಗಳ್ಳನ ಹುಡುಕಾಟದ ಕಾಲ ಅದು, ಎಲ್ಲಿ ಬೇಕೆಂದರಲ್ಲಿ ಪೊಲೀಸರು ನಿಲ್ಲಿಸುತ್ತಿದ್ದರು. ನಮ್ಮ ಮುಂದೆ ಒಂದು ಬಸ್ಸು, ಎರಡು ಲಾರಿ. ಬಸ್ಸಿನವರನ್ನೆಲ್ಲ ಇಳಿಸಿ ಚೀಲ ಬಿಚ್ಚಿಸುತ್ತಿದ್ದರು. ನಾನು ಗಾಡಿ ಸ್ಟ್ಯಾಂಡು ಹಾಕಿ ಓಡಿಹೋಗಿ ಪೇದೆಯನ್ನು ಬೇಡಿಕೊಂಡೆ. ಅವನು ಸಾವಧಾನವಾಗಿ ಬಂದು ಪುಟ್ಟರಾಜುವನ್ನು ಮೇಲಿಂದ ಕೆಳಗೆ ನೋಡಿದ.

"ಸತ್ತಿರೋದು ಯಾರು?"

"ನಮ್ಮವ್ವ" ಅಂದ ಪುಟ್ಟರಾಜು.

"ಇವನ್ಯಾರು?"

ನಾನು ಪುಟ್ಟರಾಜುವಿನ ಬಾಯಿ ನೋಡುತ್ತಿದ್ದೆ. ಫ್ರೆಂಡು ಅಂದಿದ್ದರೆ ಸಾಕಿತ್ತು. ಜೊತೆಯವನು ಅಂದಿದ್ದರೂ ಸಾಕಿತ್ತು.

"ಸುದ್ದಿ ತಂದವ್ನು" ಅಂದ.

ಪೇದೆ ಬೊಂಬು ಎತ್ತಿಸಿದ. ನಾನು ಕಿಕ್ ಹೊಡೆದೆ. ಪುಟ್ಟರಾಜು ಹತ್ತಿ ಮತ್ತೆ ಭುಜದ ಮೇಲೆ ಕೈ ಇಟ್ಟ. ನಾನು ಭುಜ ಕೊಡವಿದೆ. ಕೈ ಜಾರಿತು. ಆಮೇಲೆ ಅವನು ಹಿಂದಿನ ಕಂಬಿ ಹಿಡಿದುಕೊಂಡು ಕೂತ. ಅವ್ವನನ್ನು ಕಳೆದುಕೊಂಡವನ ಮೇಲೆ ಹೀಗೆ ಸಿಟ್ಟು ಮಾಡಬಹುದಾ ಅಂತ ಯಾರಾದರೂ ಕೇಳಬಹುದು. ಮಾಡಿದೆ. ಸಿಟ್ಟೇನು ಸೂತಕ ನೋಡಿಕೊಂಡು ಬರುತ್ತದೆಯೆ?

ಹೊತ್ತು ಮುಳುಗಿರಲಿಲ್ಲ. ಪುಟ್ಟಬಸಮ್ಮನನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹೂವು. ನಾವು ಓದುತ್ತಿದ್ದ ಅದೇ ಜಗಲಿ. ಪುಟ್ಟರಾಜು ಗಾಡಿ ನಿಲ್ಲುವ ಮೊದಲೇ ಹಾರಿ, ಓಡಿ ಹೋಗಿ ಅವಳ ಮಡಿಲಿಗೆ ತಲೆ ಇಟ್ಟ. ಹೆಂಗಸರ ಅಳು ಒಮ್ಮೆಗೇ ಎದ್ದಿತು. ನಾನು ಅಂಗಳದಲ್ಲಿ ನಿಂತು ಆಕೆಯ ಮುಖ ನೋಡಿದೆ. ಹತ್ತಿರ ಹೋಗಿ ಕಾಲು ಮುಟ್ಟಬೇಕು ಅನ್ನಿಸಿತು. ಮಗನಿಗೆ ಹೇಳಲಾಗದ ಮಾತನ್ನು ಆಕೆಗಾದರೂ ಹೇಳಿಬಿಡೋಣ ಅಂತ ಒಂದು ಹೆಜ್ಜೆ ಇಟ್ಟೆ.

"ಏಯ್, ಅಲ್ಲೇ ನಿಂತ್ಕೊ" ಅಂತ ಗಂಗಾಧರಸ್ವಾಮಿ ಎದುರಿಗೆ ಬಂದರು. ಕೈಯಲ್ಲಿ ಮೊರ. ಮೊರದಲ್ಲಿ ರಾಗಿ.

"ತಕ್ಕೊ, ಟವೆಲ್ ಒಡ್ಡು."

"ಬ್ಯಾಡಿ" ಅಂದೆ. "ನಾನು ಅದ್ಕ ಓಗಿದ್ದಲ್ಲ."

"ಬ್ಯಾಡ ಅನ್ಬಾರ್ದು ಕಣ್ಲಾ. ಸುದ್ದಿ ತಂದೋನ ಋಣ ಇಟ್ಕಬಾರ್ದು. ಸತ್ತೋಳಿಗ ದಾರಿ ಸಿಕ್ಕಲ್ಲ."

ಬೀದಿಯೆಲ್ಲ ನೋಡುತ್ತಿತ್ತು. ಮೊರ ಕಿತ್ತುಕೊಂಡು ಆ ರಾಗಿಯನ್ನು ಅವರ ಮುಖದ ಮೇಲೆ ಎರಚುವಷ್ಟು ರೋಷ ನನ್ನ ಕೈಯಲ್ಲಿತ್ತು. ಪುಟ್ಟರಾಜುವಿನ ಕಡೆ ನೋಡಿದೆ. ಅವನು ತಲೆ ಎತ್ತಿದ್ದ. ನಮ್ಮ ಕಣ್ಣು ಕೂಡಿತು. 'ಚಿಕ್ಕಪ್ಪಾ, ಅವನು ನನ್ನ ಗೆಳೆಯ, ಸುಮ್ಮನಿರು' ಅಂತ ಅವನು ಒಂದು ಮಾತು ಅಂದಿದ್ದರೆ ನನ್ನ ಜೀವಮಾನಕ್ಕೆ ಆಗುತ್ತಿತ್ತು. ಅವನು ಮುಖ ತಿರುಗಿಸಿ ಮತ್ತೆ ಅವ್ವನ ಮಡಿಲಿಗೆ ತಲೆ ಇಟ್ಟ.

ನಾನು ಬಿಸಿಲಿಗೆ ಅಂತ ಹೆಗಲಿಗೆ ಹಾಕಿಕೊಂಡಿದ್ದ ಟವೆಲು ತೆಗೆದು ಒಡ್ಡಿದೆ. ಗಂಗಾಧರಸ್ವಾಮಿಗಲ್ಲ. ಆಕೆಗೆ ದಾರಿ ಸಿಗಲಿ ಅಂತ.

ಮನೆಗೆ ಬಂದು ರಾಗಿಯ ಗಂಟನ್ನು ಅವ್ವನ ಮುಂದೆ ಎಸೆದೆ. "ತಕ್ಕೊ, ನಿನ್ ಮಗ ದುಡ್ಕಂಡ್ ಬಂದವ್ನ" ಅಂದೆ. ಅವ್ವ ಚೆಲ್ಲಿದ ಕಾಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ತುಂಬಿಕೊಂಡಳು. ಅವತ್ತು ನಾನು ಉಣ್ಣಲಿಲ್ಲ.

ಪುಟ್ಟಬಸಮ್ಮನ ತಿಥಿಗೆ ನನಗೆ ಹೇಳಿಕಳಿಸಿದ್ದರು. ಹೋಗಲಿಲ್ಲ. ಪುಟ್ಟರಾಜು ಮಂಡಿ ಬಿಟ್ಟು ಬೇಸಾಯಕ್ಕೆ ಅಂತ ಊರಿಗೇ ಬಂದ ಸುದ್ದಿ ತಿಳಿಯಿತು. ತಿಳಿದುಕೊಂಡು ನಾನೇನು ಮಾಡಲಿ? ಊರಿಗೆ ಹೋದರೆ ಅವ್ವನನ್ನು ನೋಡಿ ಆಗಲೇ ಗಾಡಿ ತಿರುಗಿಸುತ್ತಿದ್ದೆ. ಒಂದೆರಡು ಸಲ ಅವನು ಹೊಂಗೆ ಮರದ ಹತ್ತಿರ ನಿಂತದ್ದು ಕಂಡಿತು. ನಾನು ಹಿತ್ತಲ ದಾರಿ ಹಿಡಿದೆ. ಅವ್ವ ಮಾತ್ರ, "ಅವ್ನ್ಗೂ ನಾಲ್ಗೆ ಬರ್ನಿಲ್ಲ, ನಿನ್ಗೂ ಬರ್ನಿಲ್ಲ. ಇಬ್ರೂ ಒಂದೇ ಕಣ್ ಬುಡು" ಅನ್ನುತ್ತಿದ್ದಳು.

ಚಾಮರಾಜನಗರ ಜಿಲ್ಲೆಯಾದ ವರ್ಷ. ನಮ್ಮ ಕಚೇರಿಯಲ್ಲಿ ಸಾಹೇಬರು ಹೆಚ್ಚಾಗಿ ಕುರ್ಚಿ ಸಾಲದೆ ಬಂದಿತ್ತು. ಒಂದು ಮಧ್ಯಾಹ್ನ ತಲೆ ಬಗ್ಗಿಸಿ ಬರೆಯುತ್ತಿದ್ದಾಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ನೋಡಿದರೆ ಪುಟ್ಟರಾಜು. ಬಿಸಿಲಲ್ಲಿ ಬಂದು ಮುಖವೆಲ್ಲ ಕೆಂಪಾಗಿತ್ತು. ಹೆಗಲ ಮೇಲೆ ಟವೆಲು. ಪಹಣಿಗೋ ಖಾತೆಗೋ ಬಂದಿರಬೇಕು, ಈಗ ನೆನಪಾಯಿತಾ ಗೆಳೆಯ ಅಂತ ಒಳಗೇ ಕುದಿಯಿತು.

"ಬಾ" ಅಂದೆ, ಏಳದೆ. "ಬಾಗ್ಲಲ್ಲಿ ಯಾಕ ನಿಂತ್ಕಂಡೆ?"

ಅವನು ಅಲ್ಲಾಡಲಿಲ್ಲ. ಎಷ್ಟೇ ಸಿಟ್ಟಿದ್ದರೂ ಬಂದವನಿಗೆ ಏನೂ ಕೊಡದೆ ಕಳಿಸುವ ಮನೆಯಲ್ಲಿ ನಾನು ಹುಟ್ಟಿಲ್ಲ. ಟೀ ತರಿಸಿದೆ. ಎದ್ದು ಹೋಗಿ ಗ್ಲಾಸನ್ನು ಅವನ ಮುಂದೆ ಹಿಡಿದೆ.

ಪುಟ್ಟರಾಜು ಹಿಂಗೈಯಿಂದ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ನಾನು ಗ್ಲಾಸು ನೋಡಿದೆ. ಅವನು ದಾಟದೆ ನಿಂತ ಹೊಸ್ತಿಲು ನೋಡಿದೆ. ಕಚೇರಿಯ ಗದ್ದಲವೆಲ್ಲ ದೂರ ಹೋಯಿತು.

"ಅವ್ವನಾ?" ಅಂದೆ.

ಅವನು ತಲೆ ಆಡಿಸಿದ. "ಗಾಡಿ ತಂದಿವ್ನಿ. ನಡಿ" ಅಂದ.

ದಾರಿಯಲ್ಲಿ ಗಾಳಿಯ ಸದ್ದಿನ ನಡುವೆ ಕತ್ತು ತಿರುಗಿಸಿ ಅಷ್ಟಿಷ್ಟು ಹೇಳಿದ. ನಮ್ಮ ಚಿಕ್ಕಪ್ಪನ ಮಗ ಚಿಕ್ಕಮಾದು ನನಗೆ ಹೇಳಲು ಬಸ್ಸಿಗೆ ಕಾಯುತ್ತಿದ್ದನಂತೆ. "ನೀನಿಲ್ಲೇ ಇರು, ನಾ ಓಯ್ತಿನಿ ಅಂತ ನಾನೇ ಬಂದೆ" ಅಂದ. ನನ್ನ ಕೈ ಅವನ ಭುಜದ ಮೇಲಿತ್ತು. ಅವನು ಕೊಡವಲಿಲ್ಲ.

ಹೊಂಗೆ ಮರದ ಹತ್ತಿರ ಇಳಿಸುತ್ತಾನೆ ಅಂದುಕೊಂಡೆ. ಗಾಡಿ ನಿಲ್ಲಲಿಲ್ಲ. ಅವರ ಮನೆತನದ ಯಾರೂ ಕಾಲಿಡದ ನಮ್ಮ ಬೀದಿಯೊಳಕ್ಕೆ ಬಂದು ನಮ್ಮ ಬಾಗಿಲಲ್ಲೇ ನಿಂತಿತು. ನಾನು ಒಳಗೆ ಓಡಿ ಅವ್ವನ ಮೇಲೆ ಬಿದ್ದು ಅತ್ತೆ. ಎಷ್ಟು ಹೊತ್ತು ಅತ್ತೆನೋ ತಿಳಿಯದು. ಕಿವಿಗೆ ಬಿದ್ದದ್ದು ಪಕ್ಕದ ಮನೆಯ ಕರಿಯಮ್ಮಜ್ಜಿಯ ಮಾತು. ಅಜ್ಜಿಗೆ ಕಣ್ಣು ಮಂಜು.

"ಅದ್ಯಾರ್ಲಾ ಅಂಗ್ಳದಲ್ಲಿ ನಿಂತಿರೋನು?"

"ಸುದ್ದಿ ತಂದವ್ನು ಕಣಜ್ಜಿ" ಅಂದ ಪುಟ್ಟರಾಜು. "ಪಡಿಗ ನಿಂತಿವ್ನಿ."

ನಾನು ಬಾಗಿಲಿಗೆ ಬಂದೆ. ಅವನು ಅಂಗಳದ ನಡುವೆ ಬರಿಗಾಲಲ್ಲಿ ನಿಂತು ಹೆಗಲ ಟವೆಲನ್ನು ಎರಡೂ ಕೈಯಲ್ಲಿ ಒಡ್ಡಿದ್ದ. ಬೀದಿಯ ತುದಿಯಲ್ಲಿ, ಹೊಂಗೆ ಮರದ ಕೆಳಗೆ, ಗಂಗಾಧರಸ್ವಾಮಿಯೂ ಇನ್ನಿಬ್ಬರೂ ನಿಂತು ನೋಡುತ್ತಿದ್ದರು. ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆ ಕಡೆಗೆ ಬೆನ್ನು ಮಾಡಿರಲಿಲ್ಲ.

"ಬ್ಯಾಡ ಕಣ್ಲಾ ಪುಟ್ಟ" ಅಂದೆ. "ನಡಿ ಒಳಕ್ಕ."

"ಬ್ಯಾಡ ಅನ್ಬಾರ್ದು" ಅಂದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. "ಋಣ ಇಟ್ಕಬ್ಯಾಡ. ಅವ್ವನಿಗ ದಾರಿ ಸಿಕ್ಲಿ."

ನಾನು ಒಳಗೆ ಹೋಗಿ ಅವ್ವನ ಮಡಕೆಗೆ ಕೈ ಹಾಕಿದೆ. ಮೊರದಲ್ಲಿ ರಾಗಿ ತುಂಬಿಕೊಂಡು ಬಂದು ಅವನ ಟವೆಲಿಗೆ ಸುರಿದೆ. ಒಂದಷ್ಟು ಕಾಳು ಅವನ ಕಾಲ ಮೇಲೂ ಬಿತ್ತು. ಅವನು ಕೂತು ಅದನ್ನು ಆರಿಸಿ, ಗಂಟು ಕಟ್ಟಿ, ಹಣೆಗೆ ಒತ್ತಿಕೊಂಡ.

ಪಡಿ ಈಸಿಕೊಂಡವನು ಹಿಂತಿರುಗಿ ನೋಡದೆ ಹೊರಡಬೇಕು ಅನ್ನುವುದು ನಮ್ಮಪ್ಪನ ಕಟ್ಟಳೆ. ಪುಟ್ಟರಾಜು ಹೊರಡಲಿಲ್ಲ. ಬಗ್ಗಿ ನಮ್ಮ ಹೊಸ್ತಿಲು ದಾಟಿ ಬಂದು, ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ನಮ್ಮವ್ವನ ತಲೆಯ ಹತ್ತಿರ ನನ್ನ ಪಕ್ಕದಲ್ಲಿ ಕೂತ.